ಉಜ್ಜಬಾರದ ಕೆಂಪು

ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬಂದು ತಿಂಗಳಾಯಿತು. ಬೈದುಕೊಂಡಿರುತ್ತೀಯ, ಬೈದುಕೊ. ಮೊನ್ನೆ ಫೋನಿನಲ್ಲಿ "ದನಿ ಯಾಕೋ ಸಪ್ಪಗಿದೆಯಲ್ಲೋ" ಎಂದು ನೀನು ಕೇಳಿದಾಗ ಕೆಲಸ ಜಾಸ್ತಿ ಎಂದು ತೇಲಿಸಿಬಿಟ್ಟೆ. ಕೆಲಸ ಎಂದಿನಷ್ಟೇ ಇತ್ತು.

ವಾರ್ಡಿನಲ್ಲಿ ಎಲ್ಲರೂ ನನ್ನನ್ನು ಬ್ರದರ್ ಎನ್ನುತ್ತಾರೆ, ಬೆನ್ನ ಹಿಂದೆ ಎಣ್ಣೆ ಬ್ರದರ್. ಎದ್ದು ಓಡಾಡಲಾಗದ ರೋಗಿಗಳ ಬೆನ್ನು, ಸೊಂಟ, ಹಿಮ್ಮಡಿ ಕೆಂಪಾದರೆ ಎಣ್ಣೆ ಹಾಕಿ ಉಜ್ಜಿ, ಹುಣ್ಣಾಗದಂತೆ ನೋಡಿಕೊಳ್ಳುವುದು ನನ್ನ ಕೈಗುಣವೆಂದು ಇಪ್ಪತ್ತಾರು ವರ್ಷಗಳಿಂದ ಹೆಸರು. ಹೊಸಬರು ಬಂದರೆ ಮೇಟ್ರನ್ "ಹೋಗಿ ಬ್ರದರ್ ಕೈ ನೋಡಿ ಕಲೀರಿ" ಎಂದು ಕಳಿಸುತ್ತಿದ್ದರು.

ಈ ಸಲ ಕಳಿಸಿದ್ದು ಒಬ್ಬ ಕನ್ನಡಕದ ಹುಡುಗಿಯನ್ನು. ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ಹೇಳಿದಳು: "ಬ್ರದರ್, ಕೆಂಪಾದ ಕಡೆ ಉಜ್ಜಬಾರದಂತೆ. ಒಳಗಿನ ಮಾಂಸ ಇನ್ನೂ ಜಜ್ಜಿಹೋಗುತ್ತಂತೆ."

"ಹಾಗಂತ ಯಾರು ಹೇಳಿದ್ದು?"

"ಸಂಶೋಧನೆ ಮಾಡಿದಾರೆ. ಹಾಳೆ ತಂದುಕೊಡ್ಲಾ?"

ತಂದುಕೊಟ್ಟಳು. ಅವಳೆದುರು ಮುಟ್ಟಲಿಲ್ಲ. ಆಮೇಲೆ ಸ್ಟೋರ್ ರೂಮಿನಲ್ಲಿ ನಿಂತೇ ಓದಿದೆ. ಮುಖ್ಯವಾದ ಸಾಲುಗಳ ಕೆಳಗೆ ಅವಳು ಎಳೆದ ಪೆನ್ಸಿಲ್ ಗೆರೆಗಳು ಸ್ಕೇಲ್ ಇಟ್ಟಂತೆ ನೆಟ್ಟಗಿದ್ದವು. ಅದಕ್ಕೂ ಸಿಟ್ಟು ಬಂತು.

ಮೇಟ್ರನ್ ಇಬ್ಬರನ್ನೂ ಕರೆದು, "ಜಗಳ ಯಾಕೆ, ಎರಡು ತಿಂಗಳು ನಮ್ಮಲ್ಲೇ ನೋಡಿಬಿಡೋಣ" ಎಂದರು. ಕಿಟಕಿ ಕಡೆಯ ಹತ್ತು ಮಂಚ ಅವಳದು: ಉಜ್ಜುವಂತಿಲ್ಲ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲ ಕೆಳಗೆ ದಿಂಬು. ಬಾಗಿಲ ಕಡೆಯ ಹತ್ತು ನನ್ನದು, ಎಂದಿನಂತೆ. ನನ್ನ ಕಡೆಯ ಲಾರಿ ಡ್ರೈವರ್ ಒಬ್ಬ, ಸೊಂಟ ಮುರಿದುಕೊಂಡವನು, "ಬ್ರದರ್, ಆ ಹುಡುಗಿ ನಿಮ್ಮ ಅಂಗಡಿ ಮುಚ್ಚಿಸ್ತಾಳಂತೆ" ಎಂದು ನಕ್ಕ. "ನೀನು ಮೊದಲು ಮಗ್ಗುಲು ತಿರುಗು" ಎಂದೆ. ಉಜ್ಜಿದ ಕೈ ಎಂದಿಗಿಂತ ಬಿರುಸಾಗಿತ್ತೋ ಏನೋ, ಅವನ ನಗು ನಿಂತಿತು.

ಕೊನೆಗೆ ನನ್ನ ಕಡೆ ಆರು ಹುಣ್ಣು, ಅವಳ ಕಡೆ ಒಂದು. ಈ ಲೆಕ್ಕವನ್ನು ಎಲ್ಲರೆದುರು ಓದಿ ಹೇಳಿದ ಅವಳು, "ಆ ಒಂದು ನನ್ನ ತಪ್ಪು" ಎಂದು ತಲೆ ತಗ್ಗಿಸಿದಳು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದವನು ನಾನು.

ಈಗ ಅವಳು ಉಳಿದ ವಾರ್ಡುಗಳಿಗೂ ಹೋಗಿ ಕಲಿಸಬೇಕಂತೆ. ನೇರ ನನ್ನ ಹತ್ತಿರ ಬಂದಳು. "ನೀವೂ ಬನ್ನಿ ಬ್ರದರ್. ನೋವಾಗದ ಹಾಗೆ ಹೊರಳಿಸೋದು ನಿಮ್ಮಷ್ಟು ಚೆನ್ನಾಗಿ ನಂಗೆ ಬರಲ್ಲ." ಹಂಗಿಸಿದ್ದರೆ ಹಗುರವಾಗುತ್ತಿತ್ತು. ಸೋಮವಾರ ಉತ್ತರ ಹೇಳುತ್ತೇನೆಂದೆ.

ಭಾವನಿಗೆ ಹೇಳು, ಮಂಡಿಗೆ ಧಾರಾಳವಾಗಿ ಎಣ್ಣೆ ಉಜ್ಜಿಕೊಳ್ಳಲಿ; ಮಂಡಿಯ ವಿಷಯ ಆ ಹುಡುಗಿ ಇನ್ನೂ ಓದಿಲ್ಲ. ನಿನ್ನ ಮೊಮ್ಮಗಳು ಹೆಜ್ಜೆ ಇಡುತ್ತಿದ್ದಾಳೆಂದು ಬರೆದಿದ್ದೆ. ಬೀಳದೆ ನಡೆಯಲಿ, ಬಿದ್ದರೂ ಅಳದೆ ಏಳಲಿ ಎಂದು ಈ ಅಜ್ಜನ ಆಶೀರ್ವಾದ.

ನಿನ್ನ,
ತಮ್ಮ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಅವಳ ಜೊತೆ ಹೋಗುವುದಾದರೆ ಇದನ್ನು ಅವಳಿಗೆ ಹೇಳಿಯೇ ಹೋಗಬೇಕು. ಅವಳ ಕಡೆಯ ಆ ಒಂದು ಹುಣ್ಣು ಒಬ್ಬ ಮುದಿ ಮೇಷ್ಟ್ರದು. ಅದನ್ನು ಮೊದಲು ಕಂಡವನು ನಾನು. ಬೆಳಗ್ಗೆ ಹನ್ನೊಂದಕ್ಕೆ ಆ ಕಡೆ ಹೋದಾಗ ದಿಂಬು ಜಾರಿ, ಅವರ ಹಿಮ್ಮಡಿ ಹಾಸಿಗೆಗೆ ಒತ್ತಿಕೊಂಡಿತ್ತು. ಕೆಂಪನ್ನು ಬೆರಳಿನಿಂದ ಒತ್ತಿದೆ, ಬಿಳುಚಲಿಲ್ಲ. ಬಿಳುಚದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಎಷ್ಟೋ ದಿನಗಳಿಂದ ಆ ಹತ್ತು ಮಂಚಗಳಲ್ಲಿ ನಾನು ಹುಡುಕುತ್ತಿದ್ದದ್ದು ಇದನ್ನೇ, ಅಕ್ಕ. ಕಾಲೆತ್ತಿ ದಿಂಬು ಸರಿಪಡಿಸಿದ್ದರೆ ಸಾಕಿತ್ತು. ಹೊದಿಕೆ ಎಳೆದು ಮುಚ್ಚಿದೆ. ಹನ್ನೆರಡಕ್ಕೆ ಅವಳು ಬಂದು ನೋಡುವಾಗ ಗುಳ್ಳೆ ಎದ್ದಿತ್ತು.

ಮುಚ್ಚುವಾಗ ಮೇಷ್ಟ್ರು ಕೇಳಿದ್ದರು: "ಉರೀತಾ ಇದೆ ಬ್ರದರ್. ಏನಾದ್ರೂ ಆಗಿದೆಯಾ?"

"ಏನಿಲ್ಲ ಮೇಷ್ಟ್ರೆ, ಚೆನ್ನಾಗಿದೆ."

"ನೀವು ನೋಡಿದ್ರಲ್ಲ, ಸಾಕು ಬಿಡಿ" ಎಂದು ಅವರು ಕಣ್ಣು ಮುಚ್ಚಿಕೊಂಡರು.