ಟೋಪಿಯ ಮೇಲಿನ ಸಿಂಹ

ಪದ್ಮವ್ವ ವೈನಿ, ಕುಳಿತುಕೊಂಡು ಓದಿರಿ.

ಸತ್ತ ಅವ್ವನ ಟ್ರಂಕಿನಲ್ಲಿ ಸಿಕ್ಕ ಅಣ್ಣನ ಮಿಲಿಟರಿ ಫೋಟೋವನ್ನು ಘೋಡಗೇರಿಯ ನಿವೃತ್ತ ಹವಾಲ್ದಾರರಿಗೆ ತೋರಿಸಿದೆ. “ನಲವತ್ನಾಲ್ಕರಾಗ ಬರ್ಮಾದಾಗ ಸಾವಿರ ಜಪಾನಿಗಳನ್ನ ಕೆಡವಿ ಸತ್ತಾನ್ರಿ” ಎಂದು ಎಂದಿನಂತೆ ಎದೆಯುಬ್ಬಿಸಿದೆ. ಅವರು ಭೂತಗನ್ನಡಿ ಹಿಡಿದು, “ಏ ಬಡಾಯಿ ಕರೆಪ್ಪ, ಟೋಪಿ ಮ್ಯಾಗಿನ ಬಿಲ್ಲೆ ನೋಡು. ಆವಾಗ ರಾಜನ ಕಿರೀಟ ಇರತಿತ್ತು. ಈ ಸಿಂಹದ ಬಿಲ್ಲೆ ಬಂದದ್ದು ಐವತ್ತರ ಮ್ಯಾಲ. ಸತ್ತಾಂವ ಹ್ಯಾಂಗ ಹಾಕ್ಕೊಂಡಾನಲೇ?” ಎಂದರು. ಫೋಟೋ ಕಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದೆ.

ಫೋಟೋದ ಹಿಂದೆ ಬೆಳಗಾವಿಯ ಸ್ಟುಡಿಯೋದ ಮುದ್ರೆ ಇದೆ, ಅಲ್ಲಿಗೇ ಹೊರಟೆ.

ಎಮ್ಮೆಗೆ ನೀರು ಕುಡಿಸಿರಿ. ಸೋಮವಾರದ ನಿಮ್ಮ ಉಡಕಿಗೆ, ಈ ಎರಡನೇ ಮದುವೆಗೆಂದು ಕುಲಗೋಡದ ಗಂಡಿನವರು ಸೀರೆ ತಂದರೆ, ನಾನು ಬರುವತನಕ ಮುಟ್ಟಬೇಡಿರಿ.

ಅವ್ವ ಇದನ್ನು ಯಾಕೆ ಬಚ್ಚಿಟ್ಟಳೋ!

ವೈನಿ, ಇದರಲ್ಲಿ ಒಂದಕ್ಷರವೂ ನಾನು ಕೂಡಿಸಿದ್ದಲ್ಲ.

ನಿಮ್ಮ ಮೈದುನ