ಸೇತುವೆಯ ಮೇಲೆ ಕಾರು ಜಾರಿದಾಗ

ಅಕ್ಕಾ,

ಇವತ್ತು ಮಳೆಯಲ್ಲಿ, ಸೇತುವೆಯ ಮೇಲೆ ನನ್ನ ಕಾರು ಜಾರಿತು. ಸ್ಟೇರಿಂಗ್ ಒಮ್ಮೆಲೇ ಹಗುರವಾಯಿತು; ಎತ್ತ ತಿರುಗಿಸಿದರೂ ಚಕ್ರಗಳು ಮಾತು ಕೇಳಲಿಲ್ಲ. ಗಾಬರಿಯಲ್ಲಿ ಬ್ರೇಕ್ ಒತ್ತಿದೆ. ಕಾರು ಗಿರ್ರನೆ ತಿರುಗಿ, ಕಂಬಿಗೆ ಗೇಣು ದೂರದಲ್ಲಿ ನಿಂತಿತು. ನನಗೇನೂ ಆಗಲಿಲ್ಲ.

ಕೂತಲ್ಲಿಂದಲೇ ನಿನಗೇ ಫೋನ್ ಮಾಡಿಬಿಟ್ಟೆ. ನೀನಿಲ್ಲ ಎಂಬುದು ರಿಂಗ್ ಆದಮೇಲೆ ನೆನಪಾಯಿತು. ನಿನ್ನ ನಂಬರು ಈಗ ಯಾರೋ ಹೆಂಗಸಿನದು.

"ಯಾರು ಬೇಕಿತ್ತು? ಯಾಕಮ್ಮಾ, ಅಳ್ತಿದೀರಾ?"

ಕಾರು ಜಾರಿದ್ದನ್ನೆಲ್ಲ ಹೇಳಿದೆ. ನಿನ್ನ ವಿಷಯ ಹೇಳಲಿಲ್ಲ.

"ಸ್ವಲ್ಪ ನೀರು ಕುಡೀರಿ. ನಿಧಾನಕ್ಕೆ ಹೋಗಿ. ಮನೆ ಸೇರಿದ್ಮೇಲೆ ಒಂದು ಫೋನ್ ಮಾಡಿ," ಅಂದರು.

ಮಳೆಯಲ್ಲಿ ನೆನೆಯುತ್ತಾ ಮನೆಯೊಳಗೆ ಬಂದು, ಬಹಳ ಹೊತ್ತು ಬಾಗಿಲ ಬಳಿ ಒದ್ದೆ ಬಟ್ಟೆಯಲ್ಲೇ ಕೂತಿದ್ದು, ಕೊನೆಗೆ ಮಾಡಿದೆ.

"ಸೇರಿದ್ರಾ? ಸದ್ಯ!" ಅಂದರು.

ವಿಷಯ ಅಲ್ಲಿಗೆ ಮುಗಿದಿತ್ತು. ಆದರೂ ಫೋನ್ ಇಡಲು ನನಗೆ ಮನಸ್ಸಾಗಲಿಲ್ಲ.