ಕಾಲು ತೊಳೆಯದೆ ನೌಕೆ ಹೊಕ್ಕವನು

ಅಪ್ಪನ ಅಕ್ಕನೂ ನನ್ನ ಅರ್ಧ ತಾಯಿಯೂ ಆದ ಅತ್ಯಾ,

ಪುಣೆಯ ಪತ್ರಿಕೆಗಳು ಅಸೂಯೆಯಿಂದ ಮುಚ್ಚಿಟ್ಟ ಒಂದು ಮಹತ್ತರ ಸುದ್ದಿಯನ್ನು ನಿನಗೆ ತಿಳಿಸಬೇಕಾಗಿದೆ: ನಮ್ಮ ಮನೆಗೆ ಡಿವಿಡಿ ಪ್ಲೇಯರ್ ಬಂದಿದೆ! ಪ್ರಥಮ ಪ್ರದರ್ಶನಕ್ಕೆ ಶೈಲಾ ಯಾವ ಸಿನಿಮಾ ತಂದಳು, ಹೇಳು ನೋಡೋಣ? ನಿನ್ನದೇ. ಬಾಹ್ಯಾಕಾಶ ನೌಕೆಯೊಳಗೆ ರಾಕ್ಷಸಪ್ರಾಣಿ ಸೇರಿಕೊಂಡು ಒಬ್ಬೊಬ್ಬರನ್ನೇ ಮುಗಿಸುವ ಆ ಹಳೆಯ ಇಂಗ್ಲಿಷ್ ಸಿನಿಮಾ. ನನ್ನ ಹೆಂಡತಿ! ನಿನ್ನ ಸಿನಿಮಾ! ಸೋಫಾ ಗಟ್ಟಿಯಾಗಿ ಹಿಡಿದು ಕೂತೆ.

ನೆನಪಿದೆಯೇ, ತೊಂಬತ್ತರ ದಶಕದಲ್ಲಿ ಬಾಡಿಗೆ ವಿಸಿಆರ್ ಮುಂದೆ ಬಟಾಣಿ ಸುಲಿಯುತ್ತ ನೀನು ಅದನ್ನು ನೋಡಿದ್ದು? ಇಂಗ್ಲಿಷಿನ ಗಂಧವಿಲ್ಲ. ಪ್ರಾಣಿ ಒಬ್ಬನ ಎದೆ ಬಗೆದು ಹೊರಬಂದಾಗ ಅಪ್ಪ ಕಣ್ಣು ಮುಚ್ಚಿದ. ನಿನ್ನ ಒಂದು ಕಾಳೂ ಕೆಳಗೆ ಬೀಳಲಿಲ್ಲ. "ಅಂಜೂದೇನದ ಇದರಾಗ? ಹೊರಗಿಂದ ಬಂದಾವನ್ನ ಕಾಲ ತೊಳಸದ ಒಳಗ ಕರಕೊಂಡ್ರು. ಬ್ಯಾಡ ಅಂತ ಆ ಹುಡಿಗಿ ಬಡಕೊಂಡ್ಲು, ಕೇಳಿದ್ರೇನು?" ಎಂದು ತೀರ್ಪು ಕೊಟ್ಟೆ. ಆ ಸಿನಿಮಾ ಯಾಕೆ ಹಳತಾಗುವುದಿಲ್ಲ ಎಂದು ಪಂಡಿತರು ಇಂದಿಗೂ ಪುಟಗಟ್ಟಲೆ ಬರೆಯುತ್ತಾರೆ. ನಿನ್ನನ್ನೊಮ್ಮೆ ಕೇಳಿದ್ದರೆ...

ಆ ತೀರ್ಪು ಮನೆಯ ಕಾಯ್ದೆಯಾಗಿ, ಬೆಳಗಾವಿಯಿಂದ ಬಂದ ಶೈಲಾಳ ತಮ್ಮ ವಸಂತನನ್ನು ನೀನು ಕಾಲು ತೊಳೆಯೆಂದು ಬಾಗಿಲಲ್ಲೇ ತಡೆದದ್ದು ಮರೆತಿರಲಾರೆ. "ನನ್ನ ತಮ್ಮ ಏನ ರೋಗ ಹೊತಗೊಂಡ ಬಂದಾನೇನ್ರಿ?" ಎಂದವಳು ಆಮೇಲೆ ನಿನ್ನೊಡನೆ ಉಪ್ಪು ಹುಳಿಯಷ್ಟೇ ಮಾತಾಡಿದಳು. ನಿನ್ನ ಕಡೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ದಿನಾಲೂ ನಿನ್ನ ತಲೆ ಬಾಚಿದಳು, ಮಾತು ಮಾತ್ರ...

ಹೋದ ರವಿವಾರ ನೌಕೆಯ ಬಾಗಿಲು ತೆರೆಯುವ ಹೊತ್ತಿಗೆ ಅದೇ ಶೈಲಾ ಎದ್ದು ನಿಂತಳು. "ತೆಗೀಬ್ಯಾಡ್ರೋ! ಆಕಿ ಹೇಳ್ಲಿಕತ್ತಾಳಲ್ಲಾ!" ಅವರು ತೆಗೆದರು. ಪ್ರತಿಸಲವೂ ತೆಗೆಯುತ್ತಾರೆ, ಈ ಸಲವಾದರೂ ತೆಗೆಯಲಾರರೆಂದು ನಾವು ಪ್ರತಿಸಲವೂ ಕೂತಿರುತ್ತೇವೆ. ಶೈಲಾ ಕಣ್ಣೊರೆಸಿಕೊಂಡು, "ಅತ್ಯಾರು ಖರೇನ ಅಂದಿದ್ರು," ಎಂದಳು. ಪ್ರಾಣಿಗೆ ಹೆದರದ ನಾನು ಇದಕ್ಕೆ ಬೆವತೆ.

ನಿನ್ನೆ ವಸಂತ ಸ್ವಾರಗೇಟದಲ್ಲಿ ಬಸ್ಸಿಳಿದು ಬಂದ. ಬಾಗಿಲು ತೆಗೆದವಳು ಅವನ ಅಕ್ಕ.

"ಅಲ್ಲೇ ನಿಂದ್ರು! ಮೊದಲ ಕಾಲ ತೊಳಕೋ!"

ವಸಂತ ಬೆಪ್ಪಾಗಿ ನನ್ನತ್ತ ಬಾಗಿದ. "ಭಾವಾ, ಅಕ್ಕಾಗ ಏನಾಗೇದ್ರಿ?"

"ಒಳಗ ಹೊಕ್ಕಾರಪ್ಪಾ," ಎಂದೆ. "ನಮ್ಮ ಅತ್ಯಾ."

ಒಂದು ಸಣ್ಣ ಉಪಕಾರ ಮಾಡು. ಕೆಳಗಿನ ಅಂಗಡಿಗೆ ಹಾಲು ತರಲು ಹೋದವನು ಬಾಹ್ಯಾಕಾಶಕ್ಕೆ ಹೋಗಿಬಂದಂತಲ್ಲ ಎಂದು ಆಕೆಯ ಕನಸಿನಲ್ಲಿ ಬಂದು ತಿಳಿಸಿಹೋಗು. ಡಿಸೆಂಬರಿನ ನೀರು ಭಾಳ ತಣ್ಣಗದ. ನನ್ನ ಮಾತಿಗೆ ಬೆಲೆಯಿಲ್ಲ. ನಿನ್ನದನ್ನು ಆಕೆ ಈಗ ಕೇಳುತ್ತಾಳೆ.